ಹಲಗೆಯ ಹಿಂದಿನ ನೀರು

ಹೇಮಾವತಿ ಹಿನ್ನೀರಿನ ನಡುವೆ ದೋಣಿ ಮತ್ತೆ ಗಡಗಡ ನಡುಗತೊಡಗಿತು. ಹಿಂತುದಿಯ ಬೋಲ್ಟೊಂದು ಸಡಿಲಗೊಂಡು ನೀರು ಜಿನುಗಿತು. ದೋಣಿ ನಡೆಸುತ್ತಿದ್ದ ಡ್ಯಾನ್ಸ್ಟನ್ ಹೇಗೋ ದಡ ಮುಟ್ಟಿಸಿದ. ಸುತ್ತಾದರೂ ಸರಿ, ಇನ್ನು ಆಚೆ ದಡದ ಕುಂದೂರಿಗೆ ಬಸ್ಸಿನಲ್ಲೇ ಹೋಗುತ್ತೇನೆಂದು ಮಾದಮ್ಮ ಸೆರಗು ಹಿಂಡಿಕೊಳ್ಳುತ್ತಾ ನಡೆದಳು. ಉಳಿದ ಪ್ರಯಾಣಿಕರೂ ಅದನ್ನೇ ಗೊಣಗಿಕೊಂಡು ಅವಳ ಹಿಂದೆ ಹೋದರು.

"ಮಾರ್ಬುಡ್ತೀನಿ," ಎಂದ ಡ್ಯಾನ್ಸ್ಟನ್. "ದೋಣಿಯಲ್ಲ ಇದು, ಅಕ್ಕಿ ಕೇರೋ ಮೊರ."

ತಂಗಿ ಜೋವಿಟಾ ಹಿಂತುದಿಗೆ ಅಂಗೈ ಒತ್ತಿಕೊಂಡೇ ಕೂತಿದ್ದಳು. ಆ ನಡುಕಕ್ಕೊಂದು ತಾಳವಿದೆ ಎಂಬ ಮಾತು ಎಷ್ಟೋ ಸಲ ನಾಲಿಗೆಯವರೆಗೆ ಬಂದು ಒಳಗಿಳಿದಿತ್ತು. ಇಂದು, ದೋಣಿಯನ್ನು ಮರಕ್ಕೆ ಕಟ್ಟಿ ಇಂಜಿನ್ ಮೆಲ್ಲಗೆ ಓಡಿಸು ಎಂದಳು. ಮಾತೇ ಆಡದವಳು ಕೇಳಿದಳಲ್ಲ ಎಂದು ಅವನು ಒಪ್ಪಿದ.

ನೀರಿನಡಿ ಮುಳುಗಿದ ಹಳೇ ಎಸ್ಟೇಟಿನ ಸಿಲ್ವರ್ ಓಕ್ ಬುಡಗಳು ತಾಗದಿರಲೆಂದು ಪಪ್ಪ ಲಾಜರಸ್ ಪ್ರೊಪೆಲ್ಲರಿನ ಮುಂದೊಂದು ದಪ್ಪ ಹಲಗೆ ನಿಲ್ಲಿಸಿದ್ದರು. ಜೋವಿಟಾ ಹಿಂತುದಿಯಲ್ಲಿ ಬೋರಲು ಮಲಗಿ, ಹಲಗೆಯ ಮುಂದೆ ಒಂದು ಹಿಡಿ ಕೆಮ್ಮಣ್ಣು ಕದಡಿದಳು. ಕೆಂಪು ಎಳೆ ಹಲಗೆಯವರೆಗೆ ಸರಾಗವಾಗಿ ಬಂತು, ಇಬ್ಭಾಗವಾಗಿ ಎರಡೂ ಬದಿಗೆ ಓಡಿತು. ಹಲಗೆಯ ಬೆನ್ನಿಗೆ ಮಾತ್ರ ಗೇಣಗಲದ ನೀರು ಓಡಲು ಮನಸ್ಸಿಲ್ಲದೆ ಸುಳಿಯುತ್ತಿತ್ತು. ನಿಧಾನ ತಿರುಗುತ್ತಿದ್ದ ಪ್ರೊಪೆಲ್ಲರಿನ ಎರಡು ರೆಕ್ಕೆಗಳು, ಒಂದು ಮೇಲೆ ಒಂದು ಕೆಳಗೆ, ಒಟ್ಟಿಗೇ ಅದರೊಳಕ್ಕೆ ನುಗ್ಗುತ್ತಿದ್ದವು. ನುಗ್ಗಿದಾಗಲೆಲ್ಲ ದೋಣಿಗೆ ಒತ್ತಿದ ಅಂಗೈಗೊಂದು ಗುದ್ದು.

"ಅಣ್ಣ, ನೋಡಿಲ್ಲಿ. ಓಡೋ ನೀರಲ್ಲಿ ರೆಕ್ಕೆಗೆ ಹಗುರ. ಹಲಗೆ ಹಿಂದೆ ನೀರು ತಡ್ಕೊಂಡೈತೆ, ಅಲ್ಲಿ ಭಾರ. ಒಂದೊಂದು ಸುತ್ತಿಗೂ ಹಗುರ, ಭಾರ, ಹಗುರ, ಭಾರ. ನಡುಗ್ಸೋದು ಅದೇ."

"ಹಲಗೆ ತೆಗೆದ್ರೆ ಬುಡಕ್ಕೆ ಬಡಿದು ರೆಕ್ಕೆ ಮುರೀತದೆ ಕಣೆ."

"ತೆಗೀಬೇಡ. ಮೀನಿನ ಥರ ಕೆತ್ತು. ಬಾಲದ ಕಡೆ ತೆಳ್ಳಗೆ, ನೀರು ನಿಲ್ದೆ ಜಾರ್ಲಿ."

ಅವನೂ ಪಕ್ಕದಲ್ಲಿ ಬೋರಲಾದ. ಇಂಜಿನ್ ಆರಿಸುವುದನ್ನೂ ಮರೆತು ಬಹಳ ಹೊತ್ತು ನೋಡಿದ. ಇಷ್ಟು ಮೆತ್ತಗಿನ ನೀರು ಕಬ್ಬಿಣದ ಬೋಲ್ಟು ಕಳಚುತ್ತದಾ ಎಂದು ತನಗೇ ಪಿಸುಗುಟ್ಟಿಕೊಂಡ.

ಹಲಗೆ ಕೆತ್ತಿದ ಮೇಲೂ ಯಾರೂ ದೋಣಿಯ ಹತ್ತಿರ ಸುಳಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಬಸ್ಸು ತಪ್ಪಿಸಿಕೊಂಡ ಮಾದಮ್ಮ ದೇವರ ಹೆಸರು ಹೇಳಿ ಹತ್ತಿದಳು. ಅವಳಿಗೆ ಕಿವಿ ಮಂದ. ಇಂಜಿನ್ ಓಡುತ್ತಿದೆಯೆಂದು ತಿಳಿಯುತ್ತಿದ್ದದ್ದು ಕೂತ ಜಾಗದ ನಡುಕದಿಂದಲೇ. ನಡುನೀರಿಗೆ ಬಂದಾಗ ಅವಳು ಜೋವಿಟಾಳ ಮುಂಗೈ ಗಟ್ಟಿಯಾಗಿ ಹಿಡಿದಳು.

"ಇಂಜಿನ್ ನಿಂತೋಗ್ಬುಟ್ಟೈತೆ ಕಣವ್ವ," ಎಂದಳು, ಎದುರಿನ ಗುಡ್ಡದಿಂದ ಕಣ್ಣು ಕೀಳದೆ. "ಆ ದಡ ಯಾಕೆ ನಮ್ ಕಡೆ ಬತ್ತಾ ಐತೆ?"