ಫಕೀರವ್ವಜ್ಜಿ ತಂದ ಹೊಸ ಕಾಯಿಲ್

ಗದಗಿನ ಒಂದು ಓಣಿ. ಅಲ್ಲಿ ಯಾವ ಮನೆಯಲ್ಲಿ ಬಾಣಂತನವಿದ್ದರೂ ಕೂಸಿಗೆ ಎರೆಯಲು ಫಕೀರವ್ವಜ್ಜಿಯೇ ಬರಬೇಕು...

ಓಣಿಯ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರೇ!

ಅವಳೇ ಎರೆದು ಬೆಳೆಸಿದ ವಿದ್ಯಾಶ್ರೀ ಈಗ ಬಾಣಂತಿ. ಅಜ್ಜಿಗೆ ಹಿಗ್ಗೋ ಹಿಗ್ಗು. ಬಕೆಟ್ಟಿನಲ್ಲಿಟ್ಟು ಕರೆಂಟಿನಿಂದ ನೀರು ಕಾಯಿಸುವ ಹೊಸ ಕಾಯಿಲ್ ಉಡುಗೊರೆ ತಂದಳು.

ಇನ್ನೇನು ಬಕೆಟ್ಟಿಗೆ ಇಳಿಸಬೇಕು... ಅಷ್ಟರಲ್ಲಿ ವಿದ್ಯಾಶ್ರೀ ಅದನ್ನೂ ಅದರ ಡಬ್ಬಿಯನ್ನೂ ತಿರುಗಿಸಿ ನೋಡಿ, "ಅಜ್ಜಿ, ಇದನ್ನ ಹಚ್ಚಬ್ಯಾಡ" ಎಂದಳು.

"ಯಾಕವ್ವಾ? ಬಡವಿ ತಂದದ್ದು ನಿನ್ನ ಕೂಸಿಗೆ ನಡಿಯೂದಿಲ್ಲೇನ?"

ಅಜ್ಜಿಯ ಕಣ್ಣು ತುಂಬಿದವು.

"ಹಿರ್ಯಾರಿಗೆ ಹಿಂಗ ಅಂತಾರೇನ?" ವಿದ್ಯಾಶ್ರೀಯ ತಾಯಿ ಗದರಿದಳು.

ವಿದ್ಯಾಶ್ರೀ ಮನೆಯ ಹಳೆಯ ಕಾಯಿಲ್ ತಂದು ಪಕ್ಕಕ್ಕಿಟ್ಟಳು.

"ನೋಡಜ್ಜಿ, ಎರಡರ ಮ್ಯಾಲೂ ಐಎಸ್ಐ ಗುರ್ತು ಐತಿ. ಹಳೇದರಾಗ ಗುರ್ತಿನ ಮ್ಯಾಲೊಂದು ನಂಬರ್, ಕೆಳಗೊಂದು ಲೈಸೆನ್ಸ್ ನಂಬರ್. ನೀ ತಂದಿದ್ದರಾಗ ಬರೇ ಗುರ್ತು."

ಹಳೆಯದರ ಲೈಸೆನ್ಸ್ ನಂಬರನ್ನು ಫೋನಿನಲ್ಲಿ, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಒತ್ತಿದಳು... ತಯಾರಿಸಿದ ಕಂಪನಿಯ ಹೆಸರು ಬಂತು.

"ಗುರ್ತು ಯಾರರ ಛಾಪಿಸ್ತಾರ. ನಂಬರ್ ಖರೇ ಐತೋ ಇಲ್ಲೋ ಇಲ್ಲಿ ಗೊತ್ತಾಗತೈತಿ."

"ಕೂಸಿನ ಮ್ಯಾಲೆ ಹಾಕೂ ಮೊದಲು ನಾ ಕೈ ಹಾಕಿ ನೋಡ್ತೀನಲ್ಲ?" ಅಜ್ಜಿ ಸಿಟ್ಟಿನಲ್ಲೇ ಕೇಳಿದಳು.

"ಅದಕ್ಕ ಅಜ್ಜಿ..." ವಿದ್ಯಾಶ್ರೀ ಅವಳ ಕೈ ಹಿಡಿದುಕೊಂಡಳು. "ಖೊಟ್ಟಿ ಕಾಯಿಲಿಂದ ಕರೆಂಟ್ ನೀರಿಗೆ ಇಳಿದಿದ್ರ, ಮೊದಲ ಹೊಡಿಯೂದು ನಿನಗ. ನಾ ಹೆದರಿದ್ದು ನಿನ್ನ ಸಲುವಾಗಿ."

ಅಜ್ಜಿ ಅವಳ ಗಲ್ಲ ಹಿಡಿದು ಅತ್ತುಬಿಟ್ಟಳು.

ಅವತ್ತೇ ಅಜ್ಜಿ ಕಾಯಿಲನ್ನು ಅಂಗಡಿಗೆ ವಾಪಸ್ ಒಯ್ದು, ಇದರ ನಂಬರ್ ಎಲ್ಲಿ ಎಂದು ಕೇಳಿದಳು. "ಏನಜ್ಜಿ, ಇಂಜಿನಿಯರ್ ಆದೇನ?" ಅಂಗಡಿಯವ ನಕ್ಕ.

"ಆಗೇನಿ! ನಂಬರ್ ಇದ್ದದ್ದು ಕೊಡು, ಇಲ್ಲಾಂದ್ರ ಓಣಿ ಮಂದಿನೆಲ್ಲ ಕರಕೊಂಡು ಬರ್ತೀನಿ!"

ಈಗ ಯಾವ ಮನೆಗೆ ಕರೆದರೂ ಅಜ್ಜಿ ಮಣೆ ಮೇಲೆ ಕೂರುವ ಮೊದಲೇ ಹೇಳುತ್ತಾಳೆ... "ಮೊದಲ ಕಾಯಿಲ್ ತೋರಸ್ರಿ. ನಾ ನೀರಿಗೆ ಕೈ ಹಾಕೂ ಮೊದಲು ಸ್ವಿಚ್ ಬಂದ್ ಮಾಡಿ ಪ್ಲಗ್ ಕೀಳ್ರಿ. ಆಮ್ಯಾಲೆ ಕೂಸು ಕೊಡ್ರಿ."

"ಓದಾಕ ಬರತೈತೇನ್ ನಿನಗ?" ಎಂದು ಯಾರಾದರೂ ಕೆಣಕಿದರೆ, ಎದೆ ಸೆಟೆದು ಉತ್ತರ:

"ನನಗ್ಯಾಕ ಬೇಕು? ನಾ ಎರದು ಬೆಳೆಸಿದ ಹುಡುಗಿಗೆ ಬರತೈತಿ!"

*

ಪ್ರೀತಿಯಿಂದ ತಂದದ್ದನ್ನು ಪರೀಕ್ಷಿಸಿ ನೋಡುವುದು ಅವಮಾನವಲ್ಲ... ಅದೂ ಪ್ರೀತಿಯೇ.

ನಿಮ್ಮ ಮನೆಯ ಕಾಯಿಲ್, ಇಸ್ತ್ರಿಪೆಟ್ಟಿಗೆಯ ಮೇಲಿನ ಗುರುತನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ?