ರೆಕ್ಕೆಯ ಗುರುತು

ಮೊಟ್ಟೆ ಇಡುವ ಮೊದಲೇ ತಾಯಿಮೀನಿಗೆ ಲಸಿಕೆ ಚುಚ್ಚಿದರೆ, ಅದರ ಬಲ ಮೊಟ್ಟೆಗೆ ಇಳಿದು ಎಳೆಮರಿಗಳನ್ನು ಕಾಯುತ್ತದೆ ಎಂದು ಮೀನುಮರಿ ಕೇಂದ್ರದ ಹೊಸ ಮೇಡಂ ಹೇಳಿದ್ದರು. ಚುಚ್ಚುವವನು ನಾನು. ಚುಚ್ಚಿದ ಮೀನಿಗೆ ಗುರುತಾಗಿ ರೆಕ್ಕೆಯ ತುದಿ ಕತ್ತರಿಸಬೇಕಿತ್ತು.

“ಸಿರಿಂಜ್ ಮೇಲಿನ ಅಂಕಿ ಓದೋಕೆ ಬರುತ್ತೇನಪ್ಪ ನಿಂಗೆ?” ಎಂದು ಅವರು ಎಲ್ಲರೆದುರು ಕೇಳಿಬಿಟ್ಟರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮೈಯೆಲ್ಲ ಉರಿಯಿತು. ಆ ಸಿಟ್ಟಿಗೆ ನಲವತ್ತು ತಾಯಿಮೀನುಗಳ ರೆಕ್ಕೆಯನ್ನಷ್ಟೇ ಕತ್ತರಿಸಿ, ಲಸಿಕೆಯನ್ನು ಮೋರಿಗೆ ಚೆಲ್ಲಿದೆ.

ಮರಿಗಳು ಹುಟ್ಟಿದ ಎಂಟನೇ ದಿನ ತೊಟ್ಟಿಯ ನೀರೆಲ್ಲ ಬೆಳ್ಳಗೆ ಕಂಡಿತು. ಅಷ್ಟೂ ಮರಿಗಳು ಸತ್ತು ತೇಲುತ್ತಿದ್ದವು. ಮೇಡಂ ಅವರನ್ನು ಕೇಂದ್ರದ ಧಣಿ ಒಳಗೆ ಕರೆಸಿದರು. ಹೊರಗೆ ಬಂದಾಗ ಅವರ ಹೆಗಲಿಗೆ ಬ್ಯಾಗು ಏರಿತ್ತು.

“ಏನಂದ್ರು ಮೇಡಂ?”

“ನಾಳೆಯಿಂದ ಬರಬೇಡ ಅಂದ್ರು.”

“ಮೇಡಂ, ಆವತ್ತು ನಾನು...”

“ನೀನ್ಯಾಕೋ ಅಳ್ತೀಯಾ ಹನುಮೇಶ? ನೀನೇ ಚುಚ್ಚಿರಲಿಕ್ಕಿಲ್ಲ ಅಂತ ಧಣಿಗೆ ಅನುಮಾನ. ಒಂದೊಂದೇ ಮೀನೆತ್ತಿ ರೆಕ್ಕೆ ತೋರಿಸಿದೆ. ಆ ಹುಡುಗ ಒಂದನ್ನೂ ಬಿಟ್ಟಿಲ್ಲ, ತಪ್ಪು ನನ್ನ ಲಸಿಕೇದೇ ಅಂತ ಬರೆದುಕೊಟ್ಟು ಬಂದೆ.”