ದೇವದಾರಿನ ಹಾಸಿಗೆ

ಬಡಗಿ ಮೇಸ್ತ್ರಿ ಶಾಬಾನ್ ಗೋಣಿಚೀಲವನ್ನು ಮಗಳ ಕೋಣೆಯ ನಡುವೆ ಇಳಿಸಿ, ಮೂಲೆಯಲ್ಲಿದ್ದ ಗಾಜಿನ ಪೆಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದ. "ಅದಕ್ಕೆ ಹಾಸು. ದೇವದಾರು. ಯಾರದೋ ಮದುವೆಗೆ ಬಟ್ಟೆಪೆಟ್ಟಿಗೆಯೊಂದು ಮಾಡ್ತಿದ್ದೆ. ಹೆರೆದು ಬಿದ್ದ ಚೂರನ್ನ ಒಲೆಗೆ ಹಾಕೋಕೆ ಮನಸ್ಸು ಬರಲಿಲ್ಲ."

ಹನಾದಿ ಗಡಬಡಿಸಿ ಎದ್ದು ನಿಂತಳು. ಕೈರೋದ ಗಂಡನ ಮನೆ ಬಿಟ್ಟು ಬಡಗಿಗಳ ಊರು ದುಮ್ಯಾತ್‌ನ ತವರಿಗೆ ಬಂದ ಮೇಲೆ ಅಪ್ಪ ಅವಳ ಕೋಣೆಯ ಹೊಸಿಲು ತುಳಿದದ್ದು ಇದೇ ಮೊದಲು. ಆ ಗಂಡನ್ನು ಹುಡುಕಿದವನೂ ಅವನೇ, ಆ ಮನೆಗೆ ಮಂಚ, ಕಪಾಟು, ಕುರ್ಚಿಗಳನ್ನೆಲ್ಲ ಕೈಯಾರೆ ಮಾಡಿ ಕಳಿಸಿದವನೂ ಅವನೇ. ಅದೆಲ್ಲವನ್ನೂ ಅಲ್ಲೇ ಬಿಟ್ಟು ಅವಳು ತಂದದ್ದು ಈ ಪೆಟ್ಟಿಗೆಯೊಂದನ್ನೇ; ಒಳಗೆ ಚೆಂಡಿನಂತೆ ಸುತ್ತಿಕೊಂಡು ಮಲಗುವ, ಯಾರನ್ನೂ ಕಚ್ಚದ ಒಂದು ಪುಟ್ಟ ಹೆಬ್ಬಾವು. ಒಂಟಿ ಮಧ್ಯಾಹ್ನಗಳ ಜೊತೆಗಾರ. ಸುಕ್ಕರ್ ಎಂದು ಹೆಸರಿಟ್ಟಿದ್ದಳು, ಸಕ್ಕರೆ ಎಂದು. "ಗಂಡನ್ನ ಬಿಟ್ಟು ಹಾವು ಕಟ್ಕೊಂಡು ಬಂದಳು ಮಹಾರಾಯ್ತಿ," ಎಂದು ಸೋದರತ್ತೆ ನಿಅಮತ್ ಬೀದಿಗೆಲ್ಲ ಕೇಳುವಂತೆ ಅಂದಿದ್ದಳು. ಅಪ್ಪ ಮಾತ್ರ ಏನೂ ಅಂದಿರಲಿಲ್ಲ. ಏನೂ ಕೇಳಿಯೂ ಇರಲಿಲ್ಲ.

ದೇವದಾರು ಹಾವಿಗೆ ಆಗದು ಎಂದು ಹನಾದಿಗೆ ಗೊತ್ತಿತ್ತು. ಮದುಮಗಳ ರೇಷ್ಮೆಯಿಂದ ನುಸಿ ಓಡಿಸುವ ಆ ಘಾಟು ಹಾವಿನ ಶ್ವಾಸಕೋಶವನ್ನು ಸುಡುತ್ತದೆ. ಒಣಗಿದ ಮರ ಪೆಟ್ಟಿಗೆಯ ತೇವವನ್ನೂ ಹೀರಿಬಿಡುತ್ತದೆ. ಅದಕ್ಕೇ ಅವಳು ತೆಂಗಿನ ಸಿಪ್ಪೆಯ ಚೂರನ್ನು ನೀರು ಚಿಮುಕಿಸಿ ಹಾಸುತ್ತಿದ್ದದ್ದು. ತೇವ ಕಡಿಮೆಯಾದರೆ ಪೊರೆ ಹರಿದು ಮೈಗೆ ಅಂಟುತ್ತದೆ, ಹೆಚ್ಚಾದರೆ ಹೊಟ್ಟೆಯಡಿ ಹುಣ್ಣಾಗುತ್ತದೆ. ಇದನ್ನೆಲ್ಲ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಕುರ್ಚಿಯ ಅಂಚಿನಲ್ಲಿ ಕೂತು, ನೆಂಟರ ಮನೆಗೆ ಬಂದವನಂತೆ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕಾಯತೊಡಗಿದ್ದ.

"ಒಳ್ಳೆ ಪರಿಮಳ, ಅಲ್ವಾ?" ಎಂದ.

"ಹೌದಪ್ಪ," ಎಂದು ಅವಳು ಹಾಸಿಬಿಟ್ಟಳು.

ಅಂದಿನಿಂದ ರಾತ್ರಿ ಅವನು ಮಲಗಲು ಹೋದೊಡನೆ ದೇವದಾರನ್ನು ತೆಗೆದು ತೆಂಗಿನ ಸಿಪ್ಪೆ ಹಾಕುವುದು, ಸಂಜೆ ಅವನ ಚಪ್ಪಲಿ ಸದ್ದಿಗೆ ಮುಂಚೆ ಮತ್ತೆ ದೇವದಾರು ಹರಡುವುದು ಅವಳ ಕೆಲಸವಾಯಿತು. ಅಪ್ಪ ಚಹಾದ ಲೋಟ ಹಿಡಿದು ಬರುತ್ತಿದ್ದ. ಮೊದಮೊದಲು ಮರದ ಮಾತು. ಆಮೇಲೆ ತೀರಿಹೋದ ಅವಳ ಅಮ್ಮನ ಮಾತು. ಬಾತುಕೋಳಿ ಬೇಯಿಸುವಾಗ ಅದರ ಹೊಟ್ಟೆಗೆ ಅವಳಷ್ಟು ಈರುಳ್ಳಿ ತುಂಬುವವರು ಊರಲ್ಲೇ ಇರಲಿಲ್ಲ ಎಂದು ನಗುತ್ತಿದ್ದ, ನಕ್ಕು ಕೆಮ್ಮುತ್ತಿದ್ದ. ಆಯುಷ್ಯವೆಲ್ಲ ಮರದ ಧೂಳು ಕುಡಿದ ಎದೆ ಅದು. ಕೇಳುತ್ತ ಕೇಳುತ್ತ ಹನಾದಿಗೆ ಅಲ್ಲೇ ನಿದ್ದೆ ಹತ್ತಿ, ದೇವದಾರು ಬೆಳಗಿನ ತನಕ ಉಳಿಯುತ್ತಿದ್ದ ದಿನಗಳೂ ಬಂದವು. ಒಂದು ರಾತ್ರಿಗೆ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಸಂಜೆ ಅಪ್ಪನ ಕೆಮ್ಮು ನಿಂತ ಮೇಲೂ ಕೋಣೆಯಲ್ಲಿ ಸಿಳ್ಳೆಯಂಥ ಸದ್ದೊಂದು ಉಳಿಯಿತು. ಸುಕ್ಕರ್ ತಲೆ ಮೇಲೆತ್ತಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಬಿಟ್ಟ ಪೊರೆ ಚಿಂದಿಯಾಗಿ ಮೈಗೆ ಅಂಟಿತ್ತು. ಶಾಬಾನ್ ಲೋಟ ಕೆಳಗಿಟ್ಟ. "ಇದು ನನ್ನ ಹಾಗೇ ಎಳೀತಿದೆಯಲ್ಲೇ."

ಹನಾದಿ ಅಳುತ್ತಲೇ ದೇವದಾರಿನ ಘಾಟಿನ ವಿಷಯವನ್ನೆಲ್ಲ ಹೇಳಿದಳು. ಅದುವರೆಗೆ ಹಾವನ್ನು ಮುಟ್ಟದವನು ಮುಚ್ಚಳ ಸರಿಸಿ, ಬಣ್ಣ ಹಸಿಯಿರುವ ತೊಟ್ಟಿಲನ್ನು ಎತ್ತುವಂತೆ ಅದನ್ನೆತ್ತಿ ಅವಳ ಮಡಿಲಲ್ಲಿಟ್ಟ. ದೇವದಾರನ್ನೆಲ್ಲ ಬಾಚಿ ಚೀಲಕ್ಕೆ ತುರುಕಿದ. ಪೆಟ್ಟಿಗೆ ತೊಳೆದು ಒರೆಸಿ, ತೆಂಗಿನ ಸಿಪ್ಪೆಗೆ ನೀರೆಷ್ಟು ಎಂದು ಕೇಳಿದ. ಅವಳು ಅವನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಹಿಂಡಿ ತೋರಿಸಿದಳು: ನೀರು ತೊಟ್ಟಿಕ್ಕಬಾರದು, ಉಂಡೆ ಉದುರಲೂಬಾರದು.

ಬೆಳಿಗ್ಗೆ ಶಾಬಾನ್ ಹಾವನ್ನು ಬಟ್ಟೆಚೀಲದಲ್ಲಿಟ್ಟು ಎದೆಗವಚಿಕೊಂಡು, ಮಗಳೊಡನೆ ಆಟೋ ಹಿಡಿಯಲು ಹೊರಟ. ಬಾಗಿಲಲ್ಲಿ ನಿಅಮತ್, "ಏನಣ್ಣಾ, ಉಳಿ ಬಿಟ್ಟು ಪುಂಗಿ ಹಿಡಿದ್ಯಾ?" ಎಂದಳು.

"ಮೊಮ್ಮಗೂಗೆ ಹುಷಾರಿಲ್ಲ. ದಾರಿ ಬಿಡು," ಎಂದ.

ಪಶುವೈದ್ಯರು ಸೂಜಿ ಚುಚ್ಚಿ, ಔಷಧ ಬರೆದು, ಹೊತ್ತು ಮೀರುವ ಮುಂಚೆ ಬಂದಿದ್ದೀರಿ, ಉಳಿಯುತ್ತದೆ ಎಂದರು. ಮನೆಗೆ ಬಂದು ಸುಕ್ಕರನ್ನು ಒದ್ದೆ ಹಾಸಿನ ಮೇಲೆ ಬಿಟ್ಟಾಗ ಅದು ಮೆಲ್ಲಗೆ ಸಿಪ್ಪೆಯ ಚೂರಿನೊಳಕ್ಕೆ ಮೂತಿ ತೂರಿಸಿತು. ಅಪ್ಪ ಮಗಳು ಇಬ್ಬರೂ ಬಗ್ಗಿ ನೋಡುತ್ತಿದ್ದರು.

"ಕೆಟ್ಟದ್ದು ಅಂತ ಗೊತ್ತಿದ್ದೂ ಯಾಕೆ ಹಾಸಿದೆ?" ಎಂದು ಅವನು ಕೇಳಿದ.

"ನೀವು ಅಷ್ಟು ಪ್ರೀತಿಯಿಂದ ತಂದಿದ್ರಿ."

ಶಾಬಾನ್ ಪೆಟ್ಟಿಗೆಯ ಮುಚ್ಚಳ ಹಾಕಿ ಕುರ್ಚಿಯಲ್ಲಿ ಕೂತ.

"ಆ ಮನೇಲೂ ಹೀಗೇನಾ ಮಗಳೇ? ಅಪ್ಪ ನೋಡಿ ಕೊಟ್ಟ ಗಂಡು ಅಂತ ಬಾಯಿ ಮುಚ್ಕೊಂಡು ಇದ್ದುಬಿಟ್ಯಾ?"

ಹನಾದಿ ಎದ್ದು ಹೋಗಿ ಬಾಗಿಲು ಹಾಕಿದಳು. ವಾಪಸು ಬಂದು ಅವನ ಕಾಲ ಬಳಿ ನೆಲದ ಮೇಲೆ ಕೂತಳು.

"ಎಲ್ಲಿಂದ ಶುರು ಮಾಡಲಿ ಅಪ್ಪಾ?"